ನಾಯಿಕೊಡೆ: ಬಳಕೆದಾರರ ಕೈಪಿಡಿ (ಅತ್ತಿಬೆಲೆ ಆವೃತ್ತಿ)

ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ನಾಯಿಕೊಡೆಗೆ ಕೈ ಹಾಕಿ. ಓದಿ ಮುಗಿಸುವಷ್ಟರಲ್ಲಿ ಅದು ಕರಗಿ ನೀರಾದರೆ ತಯಾರಕರು ಹೊಣೆಗಾರರಲ್ಲ. ಎಷ್ಟೋ ಸಲ ತಯಾರಕರು ಗೆದ್ದಲುಗಳು. ಅವರಿಗೆ ಗ್ರಾಹಕ ಸೇವಾ ಕೇಂದ್ರವಿಲ್ಲ.

ಹೀಗೆ ಬರೆಯುವುದು ನನಗೆ ಅಂಟಿದ ಚಾಳಿ. ಅತ್ತಿಬೆಲೆಯ ಕೈಗಾರಿಕಾ ಪ್ರದೇಶದಲ್ಲಿ ಕಂಪ್ರೆಸರುಗಳಿಗೆ ಕೈಪಿಡಿ ಬರೆದುಕೊಡುವುದು ನನ್ನ ಹೊಟ್ಟೆಪಾಡು. ‘ಯಂತ್ರ ಓಡುತ್ತಿರುವಾಗ ಬೆಲ್ಟಿನ ಹತ್ತಿರ ಬೆರಳು ತರಬೇಡಿ’ ಎಂಬ ವಾಕ್ಯವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಯಾರೂ ಓದಿದ ಹಾಗಂತೂ ಕಾಣೆ. ರಜೆಯ ಬೆಳಗ್ಗೆ, ಶಿಫ್ಟಿನ ಹಿಂದುಮುಂದು, ನಾನು ಅಣಬೆ ಹುಡುಕುತ್ತೇನೆ. ಸಾರಿಗಲ್ಲ, ದಾಖಲೆಗೆ. ಇದನ್ನು ಕೇಳಿದವರು ಮೊದಲು ನನ್ನ ಹೆಂಡತಿಯ ಕಡೆ ತಿರುಗಿ ಮರುಕದಿಂದ ನೋಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ‘ಅದ್ಹೇಗ್ರೀ ಮಾಡೋದು?’ ಎಂದು ಮೆಲ್ಲಗೆ ಕೇಳುತ್ತಾರೆ. ಈ ಕೈಪಿಡಿ ಆ ಎರಡನೇ ಘಟ್ಟಕ್ಕೆ ಬಂದವರಿಗೆ. ಯಂತ್ರದ ನಮೂನೆಗೂ ಕಾಡಿನಿಂದ ತಂದ ಸ್ಯಾಂಪಲ್ಲಿಗೂ ಕನ್ನಡದಲ್ಲಿ ‘ಮಾದರಿ’ ಎಂಬ ಒಂದೇ ಪದವಿರುವುದರಿಂದ ಬರೆಯಲು ನನಗೂ ಅಷ್ಟೇನೂ ಕಷ್ಟವಾಗಿಲ್ಲ.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಚಾಕು ಒಂದು. ಗೋಡೆಗೆ ಬಣ್ಣ ಹೊಡೆಯುವ ಸಣ್ಣ ಬ್ರಷ್ಷು ಒಂದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಲೆನ್ಸು. ಹದಿನೈದು ಸೆಂಟಿಮೀಟರಿನ ಸ್ಟೀಲ್ ಸ್ಕೇಲು. ಖಾಕಿ ಕಾಗದದ ಕವರುಗಳು, ಹಳೆಯ ಪೇಪರು, ಬಿದಿರು ಬುಟ್ಟಿ. ಪ್ಲಾಸ್ಟಿಕ್ ಕವರು ಬೇಡವೇ ಬೇಡ. ಅದರೊಳಗೆ ಅಣಬೆ ಬೆವರಿ ಮಧ್ಯಾಹ್ನಕ್ಕೆ ಲೋಳೆಯಾಗುತ್ತದೆ. ಪೆನ್ನಿನ ಬದಲು ಪೆನ್ಸಿಲ್ ಇಟ್ಟುಕೊಳ್ಳಿ, ಮಳೆ ಹನಿ ಬಿದ್ದರೂ ಅಕ್ಷರ ಹರಡುವುದಿಲ್ಲ. ಪೆನ್ಸಿಲ್ಲಿಗೆ ಇನ್ನೊಂದು ಕಾರಣವೂ ಇದೆ, ಮುಂದೆ ಬರುತ್ತದೆ.

ಬೆರಳುಗುರಿನಷ್ಟೇ ಇರುವ ಚಿಕ್ಕ ಅಣಬೆಗಳಿಗೆ ಎಂಥ ಡಬ್ಬಿ ಎಂದು ಬಹಳ ಕಾಲ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಅಡುಗೆಮನೆಯಲ್ಲೇ ಇತ್ತು: ಏಳು ಬಟ್ಟಲಿನ ಒಗ್ಗರಣೆ ಡಬ್ಬಿ. ಒಂದೊಂದು ಬಟ್ಟಲಿಗೆ ಒಂದೊಂದು, ಜೊತೆಗೆ ಒಂದೊಂದು ಚೀಟಿ. ಹೊಸ ಡಬ್ಬಿಯನ್ನೇ ಕೊಳ್ಳಿ. ಈ ಸೂಚನೆ ಅನುಭವದಿಂದ ಬಂದದ್ದು, ಅದರ ವಿವರ ಮನೆಯ ಒಳಗಿನ ವಿಷಯ.

ಅಳವಡಿಸುವ ಜಾಗ

ಪೇಪರಿನವರ ಪ್ರಕಾರ ಹೊಸೂರು ರಸ್ತೆಯ ಎರಡೂ ಕಡೆ ನಾಯಿಕೊಡೆಗಳಂತೆ ತಲೆ ಎತ್ತುವುದು ಲೇಔಟುಗಳು, ಪಿ.ಜಿ.ಗಳು, ಗೋಡೌನುಗಳು. ಹೋಲಿಕೆಯಲ್ಲಿ ತಾಂತ್ರಿಕ ದೋಷವಿದೆ. ನಾಯಿಕೊಡೆ ಎದ್ದ ಮೂರು ದಿನಕ್ಕೆ ತಾನಾಗಿ ಜಾಗ ಖಾಲಿ ಮಾಡುತ್ತದೆ.

ಅಸಲಿ ನಾಯಿಕೊಡೆ ಬೇಕೆಂದರೆ ಮರವಿರುವ ಕಡೆ ಹೋಗಬೇಕು. ನಮ್ಮ ಆನೇಕಲ್ ತಾಲ್ಲೂಕಿನಲ್ಲಿ ಮರವಿರುವ ಕಡೆ ಎಂದರೆ ಮೂರು ನಾಲ್ಕು ಬಗೆ. ಮೊದಲನೆಯದು ಗುಂಡುತೋಪು. ಊರ ಹೊರಗೆ ಎಲ್ಲರಿಗೂ ಸೇರಿದ ಮಾವು, ಹುಣಸೆ, ನೇರಳೆ, ಹಲಸು, ಹೊಂಗೆಯ ಗುಂಪು. ಸಂತೆಗೆ ಹೋಗುವವರು ಗಾಡಿ ಬಿಟ್ಟು ನೆರಳಿಗೆ ಕೂರುತ್ತಿದ್ದ ಜಾಗ. ಕಂದಾಯ ದಾಖಲೆಯಲ್ಲಿ ಇಂದಿಗೂ ‘ಗುಂಡುತೋಪು’ ಎಂದೇ ಇರುತ್ತದೆ. ಸ್ಥಳಕ್ಕೆ ಹೋದರೆ ಬಸ್ ನಿಲ್ದಾಣವೋ ಸಮುದಾಯ ಭವನವೋ ಇರಬಹುದು, ಅದೃಷ್ಟವಿದ್ದರೆ ಆರು ಮಾವಿನ ಮರವಾದರೂ ಉಳಿದಿರುತ್ತವೆ. ಆ ಆರು ಮರ ಸಾಕು. ಒಣಕೊಂಬೆ ಎತ್ತಿ ನೋಡಿ: ಬೀಸಣಿಗೆಯ ಹಾಗೆ ಅರಳಿದ, ಮೇಲೆ ಬೂದು ರೋಮದ, ಕೆಳಗೆ ಸೀಳಿದ ಕಿವಿರಿನ ಸಣ್ಣ ಅಣಬೆಗಳು ಸಾಲುಗಟ್ಟಿ ಕೂತಿರುತ್ತವೆ. ಸ್ಕಿಜೋಫಿಲಮ್ ಎಂದು ಅದರ ಹೆಸರು. ಬಿಸಿಲಲ್ಲಿ ಮುದುಡಿ, ಮಳೆ ಬಂದರೆ ಮತ್ತೆ ಅರಳಿ ಕೆಲಸಕ್ಕೆ ಹಾಜರಾಗುತ್ತದೆ. ಹೊಂಗೆಯ ಬುಡದಲ್ಲಿ ವಾರ್ನಿಷ್ ಹೊಡೆದ ಹಾಗೆ ಹೊಳೆಯುವ ಕೆಂಗಂದು ತಟ್ಟೆ ಸಿಕ್ಕರೆ ಅದು ಗ್ಯಾನೊಡರ್ಮ. ಆ ಮರದ ಬೇರು ಆಗಲೇ ಕೊಳೆಯತೊಡಗಿದೆ ಎಂದು ತಿಳಿಯಿರಿ, ಅದರ ಕೆಳಗೆ ಬೈಕ್ ನಿಲ್ಲಿಸಬೇಡಿ.

ಎರಡನೆಯದು ನೀಲಗಿರಿ ತೋಪು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದರೂ ಹಳೆಯವು ಚಿಗುರುತ್ತಲೇ ಇವೆ. ನೀಲಗಿರಿಯ ಕೆಳಗೆ ಏನೂ ಬೆಳೆಯುವುದಿಲ್ಲ ಎನ್ನುವವರನ್ನು ಮಳೆ ಬಿಟ್ಟ ವಾರ ಅಲ್ಲಿಗೆ ಕರೆದೊಯ್ಯಿರಿ. ಒಣಗಿದ ಸಗಣಿ ಉಂಡೆಯಂತೆ, ಯಾರದೋ ಕಾಲಿನ ಗಂಟಿನಂತೆ ನೆಲದಿಂದ ಮುಖ ಹೊರಗೆ ಹಾಕಿದ ಒಂದು ವಸ್ತು ಕಾಣುತ್ತದೆ. ಚಾಕುವಿನಿಂದ ನಡುವೆ ಸೀಳಿ. ಕಪ್ಪು ಅಂಟಿನಲ್ಲಿ ಹುರಿಗಡಲೆ ಹುದುಗಿಸಿಟ್ಟ ಹಾಗೆ ಹಳದಿ ಕಾಳುಗಳು. ಎಂಟು ದಿನ ಬಿಟ್ಟು ಬಂದರೆ ಕಾಳೆಲ್ಲ ಪುಡಿಯಾಗಿ ಕಾಲು ತಾಗಿದರೆ ಸಾಕು, ಕಾಫಿಪುಡಿಯಂತೆ ಎದ್ದು ಪ್ಯಾಂಟಿಗೆ ಮೆತ್ತುತ್ತದೆ. ಇದು ಪಿಸೋಲಿತಸ್. ಆಸ್ಟ್ರೇಲಿಯದಲ್ಲೂ ನೀಲಗಿರಿ ಬೇರಿನ ಸಂಗಾತಿ. ಬೇರಿಗೆ ನೀರು, ಖನಿಜ ಒದಗಿಸಿ ಬದಲಿಗೆ ಸಕ್ಕರೆ ವಸೂಲು ಮಾಡುತ್ತದೆ. ಲೇಬರ್ ಕಂಟ್ರಾಕ್ಟ್ ಎಂದುಕೊಳ್ಳಿ.

ಇನ್ನು ಕೆರೆ ಏರಿ, ಕಾರ್ಖಾನೆ ಕಾಂಪೌಂಡಿನ ಹುಲ್ಲುಹಾಸು, ಹೂಕುಂಡ. ಇವುಗಳಲ್ಲಿ ಏನು ಸಿಗುತ್ತದೆ ಎಂಬುದು ಹಿಂದಿನ ವಾರ ಯಾವ ಗೊಬ್ಬರ ಸುರಿದರು ಎಂಬುದರ ಮೇಲೆ. ಹೂಕುಂಡದಲ್ಲಿ ನಿಂಬೆಹಣ್ಣಿನ ಬಣ್ಣದ ಪುಟ್ಟ ಕೊಡೆ ಎದ್ದಿದ್ದರೆ ಗಾಬರಿಯಾಗಿ ಮಣ್ಣು ಚೆಲ್ಲಬೇಡಿ, ಅದು ಗಿಡಕ್ಕೇನೂ ಮಾಡುವುದಿಲ್ಲ.

ಬನ್ನೇರುಘಟ್ಟ? ನಮ್ಮ ತಾಲ್ಲೂಕಿನ ಬೆನ್ನಿಗೇ ಇದೆ, 1974ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಒಂದು ಅಣಬೆಯನ್ನೂ ಕೀಳಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಪತ್ರವಿಲ್ಲದೆ ಎಲೆಯನ್ನೂ ಎತ್ತುವಂತಿಲ್ಲ, ಸಂಶೋಧನೆ ಎಂದರೂ ಅಷ್ಟೇ. ಲಾಲ್‌ಬಾಗು, ಟ್ರೀ ಪಾರ್ಕುಗಳಲ್ಲೂ ಕೇಳದೆ ಕೀಳಬೇಡಿ. ಫೋಟೊ ತೆಗೆಯಿರಿ, ಬರೆದುಕೊಳ್ಳಿ, ಬನ್ನಿ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಬನ್ನೇರುಘಟ್ಟದ ಅಂಚಿನಲ್ಲಿ ನೆಲ ನೋಡುತ್ತ ನಡೆಯುವವರು ಆನೆಗೆ ಬಹಳ ಅನುಕೂಲ ಮಾಡಿಕೊಡುತ್ತಾರೆ.

ಚಾಲನೆ

ಅಣಬೆ ಕಂಡ ಕೂಡಲೇ ಕೈ ತಾನಾಗಿ ಮುಂದೆ ಹೋಗುತ್ತದೆ. ಆ ಕೈಯನ್ನು ಜೇಬಿನಲ್ಲಿಡಿ. ಮೊದಲು ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ: ಮೇಲಿನಿಂದ, ಪಕ್ಕದಿಂದ, ಫೋನನ್ನು ನೆಲಕ್ಕೆ ತಾಗಿಸಿ ಟೋಪಿಯ ಕೆಳಗಿನ ಕಿವಿರು ಕಾಣುವ ಹಾಗೆ. ಮೂರನೆಯ ಫೋಟೊ ತೆಗೆಯುವಾಗ ನೀವು ಹೊಟ್ಟೆ ಮೇಲೆ ಮಲಗಿರುತ್ತೀರಿ, ಅದೇ ಹೊತ್ತಿಗೆ ಸರಿಯಾಗಿ ಪರಿಚಯದವರು ಯಾರಾದರೂ ಬರುತ್ತಾರೆ. ಇದು ದೋಷವಲ್ಲ, ಸಾಧನದ ಸಹಜ ವರ್ತನೆ.

ಆಮೇಲೆ ಬರೆಯಿರಿ. ದಿನಾಂಕ, ಜಾಗ, ಯಾವ ಮರದ ಕೆಳಗೆ, ಮಣ್ಣಿನಲ್ಲೋ ಮರದ ಮೇಲೋ ಸಗಣಿಯಲ್ಲೋ, ಒಂಟಿಯೋ ಗುಂಪೋ, ವಾಸನೆ ಏನು, ಹಿಸುಕಿದರೆ ಬಣ್ಣ ತಿರುಗುತ್ತದೆಯೋ. ಬಣ್ಣವನ್ನು ಅಲ್ಲೇ ಬರೆಯಬೇಕು. ಮನೆಗೆ ಹೋಗುವಷ್ಟರಲ್ಲಿ ಎಲ್ಲ ಅಣಬೆಯೂ ಒಂದೇ ಕಂದು. ಬುಡವನ್ನು ಚಾಕುವಿನಿಂದ ಆಳವಾಗಿ ಬಗೆದು ಇಡಿಯಾಗಿ ಎತ್ತಿ. ಟೋಪಿಯನ್ನಷ್ಟೇ ಮುರಿದು ತರುವುದು ಆಧಾರ್ ಕಾರ್ಡಿನ ಫೋಟೊ ಕತ್ತರಿಸಿ ತಂದ ಹಾಗೆ. ಅತಿ ವಿಷದ ಅಮಾನಿಟ ಜಾತಿಗಳ ಗುರುತು ಇರುವುದೇ ಬುಡದ ಚೀಲದಲ್ಲಿ. ಹತ್ತಿದ್ದರೆ ಒಂದೆರಡು ಸಾಕು, ಉಳಿದವು ಅಲ್ಲೇ ಇರಲಿ.

ಜಾಗದ ಕಾಲಮ್ಮು ಅತ್ತಿಬೆಲೆಯಲ್ಲಿ ಸ್ವಲ್ಪ ತೊಡಕಿನದು. ಗಡಿಯ ಕಮಾನು ದಾಟಿದರೆ ತಮಿಳುನಾಡು. ನಾನು ಏರಿಯ ಮೇಲೆ ನಿಂತಿದ್ದರೂ ಫೋನು ಒಮ್ಮೊಮ್ಮೆ ಹೊಸೂರಿನ ಟವರು ಹಿಡಿದು ಊರನ್ನೇ ಬದಲಾಯಿಸಿಬಿಡುತ್ತದೆ. ನನ್ನ ಪಟ್ಟಿಯ ನಾಲ್ಕು ಅಣಬೆಗಳು ಹೀಗೆ ಚೆಕ್‌ಪೋಸ್ಟಿನಲ್ಲಿ ನಿಲ್ಲದೆ, ಪರ್ಮಿಟ್ ತೋರಿಸದೆ ರಾಜ್ಯ ದಾಟಿದ್ದವು. ಕೈಯಲ್ಲೂ ಬರೆದುಕೊಳ್ಳಿ. ಬರೆಯುವಾಗ ‘ಹೊಸ ಶೋರೂಮಿನ ಹಿಂದೆ’ ಎನ್ನಬೇಡಿ, ಮುಂದಿನ ವರ್ಷ ಅದು ಬೇರೆ ಶೋರೂಮು. ಸರ್ವೆ ನಂಬರ್ ಗೊತ್ತಿದ್ದರೆ ಅದೇ ವಾಸಿ. ನಮ್ಮ ಕಡೆ ಮರ, ಬೇಲಿ, ಕಲ್ಲು ಎಲ್ಲ ಹೋದರೂ ಸರ್ವೆ ನಂಬರ್ ಹೋಗುವುದಿಲ್ಲ.

ಸ್ಥಳೀಯ ಹೆಸರು ಎಂಬ ಕಾಲಮ್ಮನ್ನು ಮಾತ್ರ ಯಾರೂ ಖಾಲಿ ಬಿಡಬಾರದು. ಆ ಕಾಲಮ್ಮು ನನಗೆ ಪಾಠ ಕಲಿಸಿದ್ದು ಆಶ್ಲೇಷ ಮಳೆಯ ಒಂದು ಬೆಳಗ್ಗೆ. ಕೆರೆ ಏರಿಯ ಪಕ್ಕ ಎದೆಮಟ್ಟದ ಹುತ್ತ. ಅದರ ಬುಡದಲ್ಲಿ ಎಂಟೋ ಹತ್ತೋ ಬಿಳಿ ಅಣಬೆ, ಟೋಪಿಯ ನಡುವೆ ಮೊಳೆಯಂಥ ಮೊನೆ. ನಾನು ಮೊಣಕಾಲೂರಿ ಬರೆಯುತ್ತಿದ್ದೆ: ‘ಟೋಪಿ ಕೆನೆ ಬಿಳಿ, ನಡುವೆ ಬೂದು ಮೊನೆ, ಅಂಚು ಕೆಂಪು.’ ಕೆಂಪು ಅಂಚಿನ ಅಣಬೆ ನಾನು ಕಂಡೇ ಇರಲಿಲ್ಲ. ಹೊಸ ಜಾತಿಯೇ ಇರಬೇಕೆಂದು ಎದೆ ಡವಗುಟ್ಟಿತು. ಹಿಂದಿನಿಂದ ದನಿ ಬಂತು.

“ಏನಪ್ಪ ಅದು, ಬೀಗದ ಕೈ ಬೀಳಿಸ್ಕಂಡ್ಯಾ?”

ಕೈಯಲ್ಲಿ ಹಾಲಿನ ಚೊಂಬು ಹಿಡಿದ ಒಬ್ಬ ಅಜ್ಜಿ.

“ಇಲ್ಲಜ್ಜಿ, ಅಣಬೆ ನೋಡ್ತಿದೀನಿ. ಇದರ ಅಂಚು ನೋಡಿ, ಹೆಂಗೆ ಕೆಂಪಗಿದೆ.”

“ಅದು ಕುಂಕುಮ ಕಣಪ್ಪ. ನಿನ್ನೆ ನಾನೇ ಹಾಕಿದ್ದು.”

ಆ ಪುಟದಲ್ಲಿ ‘ಅಂಚು ಕೆಂಪು’ ಎಂಬುದರ ಮೇಲೆ ಒಂದು ಗೀಟು, ಪಕ್ಕದಲ್ಲಿ ‘ಕುಂಕುಮ’ ಎಂದು ಇಂದಿಗೂ ಇದೆ. ಅಳಿಸಬೇಡಿ ಎಂಬುದು ನಿಯಮ. ತಪ್ಪು ಬರೆದರೆ ಓದಲು ಬರುವ ಹಾಗೆ ಗೀಟು ಎಳೆಯಬೇಕು.

ಹೆಸರು ಕೇಳಿದೆ. ಅಜ್ಜಿ ಹುತ್ತಕ್ಕೆ ಹಾಲೆರೆಯುತ್ತ ಹೇಳಿದರು: “ನಮ್ಮವ್ವ ಪುಟ್ಟಗೊಡುಗು ಅಂತಿದ್ಲು. ನಮ್ಮೆಜಮಾನ್ರ ಕಡೆಯೋರು ಅಣಬೆ ಅಂತಾರೆ. ಸೊಸೆ ಹೊಸೂರಿನೋಳು, ಕಾಳಾನ್ ಅಂತಾಳೆ. ಮಕ್ಳು ಮಶ್ರೂಮ್ ಅಂತವೆ, ಪ್ಯಾಕೆಟ್ನಲ್ಲಿ ಬರ್ತದಲ್ಲ. ಗುಡುಗಿದ ಮೂರ್ನೇ ದಿನಕ್ಕೆ ಬಾ, ಇನ್ನೂ ಇರ್ತವೆ.”

ಒಂದೇ ಮನೆ, ನಾಲ್ಕು ಹೆಸರು. ನಾಲ್ಕರಲ್ಲೂ ತೆಲುಗಿನ ಪುಟ್ಟಗೊಡುಗಿಗೆ ನನ್ನ ಮತ. ಪುಟ್ಟ ಎಂದರೆ ಹುತ್ತ, ಗೊಡುಗು ಎಂದರೆ ಕೊಡೆ. ಫ್ರಾನ್ಸಿನ ರೋಜೆ ಎಯಿಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟ. ಅರ್ಥ ‘ಗೆದ್ದಲಿನ ಅಣಬೆ’. ಅಜ್ಜಿಯ ಅವ್ವ ಅದನ್ನೇ ಹೇಳುತ್ತಿದ್ದಳು. ಹುತ್ತದೊಳಗೆ ಗೆದ್ದಲುಗಳು ಅಗಿದ ಕಟ್ಟಿಗೆಯಿಂದ ಜೇನುಹುಟ್ಟಿನಂಥ ತಟ್ಟಿ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆದು ತಿನ್ನುತ್ತವೆ. ಮಳೆ ಇಳಿದು ಮಣ್ಣು ಮೆತ್ತಗಾದಾಗ ಆಳದ ತಟ್ಟಿಯಿಂದ ಬೇರಿನಂಥ ಉದ್ದ ಕಾಲು ಎದ್ದು, ಆ ಮೊನೆಯಿಂದ ಮಣ್ಣು ಕೊರೆದು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಕಾಲಿನ ತುದಿ ಸಿಗಬೇಕಾದರೆ ಹುತ್ತವನ್ನೇ ಅಗೆಯಬೇಕು. ಅಜ್ಜಿ ಅಲ್ಲಿ ನಿಂತಿರುವಾಗ ಹುತ್ತ ಅಗೆಯುವ ಧೈರ್ಯ ಯಾವ ವಿಜ್ಞಾನಿಗೂ ಬರಲಾರದು. ‘ಕಾಲು ಅಪೂರ್ಣ, ಹುತ್ತ ಪೂಜೆಯಲ್ಲಿದೆ’ ಎಂದು ಬರೆದೆ. ಆ ಮಾಹಿತಿಗೂ ಬೆಲೆಯಿದೆ: ಆ ಹುತ್ತ ಲೇಔಟಿನ ನಡುವೆ ಇನ್ನೂ ಉಳಿದಿರುವುದು ಪೂಜೆಯಿಂದಲೇ.

ಊರ ಮಾತು ಶಾಸ್ತ್ರದ ಪುಸ್ತಕ ಸೇರುವುದಿಲ್ಲ ಎನ್ನುವವರಿಗೆ ಒಂದು ಉದಾಹರಣೆ ಜೇಬಿನಲ್ಲಿಟ್ಟುಕೊಳ್ಳಿ. ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನಲ್ಲಿದ್ದ ಎಂ. ಸಿ. ಕುಕ್ 1876ರಲ್ಲಿ ಮೈಸೂರು ಸೀಮೆಯ ಕಾಫಿ ಎಲೆ ಕೊಳೆಸುವ ಶಿಲೀಂಧ್ರಕ್ಕೆ ಹೆಸರಿಡುವಾಗ ತೋಟದವರು ಆಡುತ್ತಿದ್ದ ಮಾತನ್ನೇ ಎತ್ತಿಕೊಂಡ: ಪೆಲಿಕ್ಯುಲೇರಿಯ ಕೊಳೆರೋಗ. ಲ್ಯಾಟಿನ್ ಹೆಸರಿನ ಬಾಲಕ್ಕೆ ಕನ್ನಡದ ಗಂಟು. ಆಮೇಲೆ ಬಂದವರು ‘ಕೊಳೆರೋಗ’ ಎಂಬುದನ್ನೇ ಒಂದು ಕುಲದ ಹೆಸರು ಮಾಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಎಂ. ಜೆ. ತಿರುಮಲಾಚಾರ್ ಎಲೆಗಳ ಮೇಲಿನ ತುಕ್ಕು, ಕಾಡಿಗೆ ರೋಗಗಳ ಶಿಲೀಂಧ್ರಗಳನ್ನು ಹುಡುಕಿ ಹುಡುಕಿ ವರ್ಣಿಸಿದವರು. ಒಂದು ಕಾಡಿಗೆ ಶಿಲೀಂಧ್ರಕ್ಕೆ ಸಸ್ಯರೋಗ ತಜ್ಞ ಮುಂಡ್ಕೂರರ ಗೌರವಕ್ಕೆ ಮುಂಡ್ಕೂರೆಲ್ಲ ಎಂದು ಕುಲನಾಮ ಕೊಟ್ಟರು. ಹೀಗೆ ಮುಂಡ್ಕೂರು ಎಂಬ ಕರಾವಳಿಯ ಊರೂ ಶಿಲೀಂಧ್ರಗಳ ಹೆಸರಿನ ಪಟ್ಟಿಯಲ್ಲಿ ಕೂತಿದೆ. ಅತ್ತಿಬೆಲೆಯ ಹೆಸರಿನ ಶಿಲೀಂಧ್ರ ಯಾವುದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಲೋಕದಲ್ಲಿ ಹೆಸರಿಟ್ಟ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ, ಇರಬಹುದಾದವು 22ರಿಂದ 38 ಲಕ್ಷ ಎಂದು 2017ರ ಅಂದಾಜು. ಅವಕಾಶ ಇನ್ನೂ ಇದೆ.

ಸುರಕ್ಷತಾ ಸೂಚನೆ

ತಿನ್ನಬೇಡಿ.

ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ: ಮೂರೂ ಸುಳ್ಳು. ಅಮಾನಿಟದ ಮಾರಕ ವಿಷ ಕುದಿಸಿದರೂ ಹೋಗುವುದಿಲ್ಲ. ಅದರ ಲಕ್ಷಣ ಕಾಣಿಸಿಕೊಳ್ಳುವುದೇ ಆರು ಗಂಟೆ, ಹನ್ನೆರಡು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಯಕೃತ್ತಿಗೆ ಪೆಟ್ಟು ಬೀಳತೊಡಗಿರುತ್ತದೆ. ಹುತ್ತದ ಅಣಬೆಯನ್ನು ತಲೆಮಾರುಗಳಿಂದ ತಿಂದವರು ತಿನ್ನಲಿ, ಅವರಿಗೆ ಗೊತ್ತಿದೆ. ಈ ಕೈಪಿಡಿ ಓದಿ ಕಲಿತವರು ತಿನ್ನಬಾರದು.

ಬೀಜಕದ ಅಚ್ಚು

ನನ್ನ ಮಟ್ಟಿಗೆ ಈ ಸಾಧನದ ಅತಿ ಸೊಗಸಾದ ಭಾಗ ಇದು, ಖರ್ಚೂ ಇಲ್ಲ. ಅರ್ಧ ಬಿಳಿ ಅರ್ಧ ಕಪ್ಪು ಇರುವ ಕಾಗದದ ಮೇಲೆ ಟೋಪಿಯನ್ನು ಕಿವಿರು ಕೆಳಗೆ ಮಾಡಿ ಇಟ್ಟು, ಸ್ಟೀಲ್ ಲೋಟ ಬೋರಲು ಹಾಕಿ ಮಲಗಿ. ಬೆಳಗ್ಗೆ ಲೋಟ ಎತ್ತಿದರೆ ಕಾಗದದ ಮೇಲೆ ಹೊಸಿಲ ರಂಗೋಲಿಯಂತೆ ಬೀಜಕಗಳ ಪುಡಿ ಬಿದ್ದಿರುತ್ತದೆ, ಒಂದೊಂದು ಕಿವಿರಿಗೆ ಒಂದೊಂದು ಎಳೆ. ಹುತ್ತದ ಅಣಬೆಯದು ತಿಳಿ ಗುಲಾಬಿ. ಅಮಾನಿಟದ್ದು ಬಿಳಿ, ಅದಕ್ಕೇ ಅರ್ಧ ಕಾಗದ ಕಪ್ಪಿರಬೇಕು. ಕಾರ್ಖಾನೆ ಹುಲ್ಲುಹಾಸಿನಲ್ಲಿ ಮಳೆಗೆ ಏಳುವ, ನೋಡಲು ಲಕ್ಷಣವಾದ, ಊಟದ ತಟ್ಟೆಯಗಲದ ಬಿಳಿ ಅಣಬೆಯದು ಹಸಿರು. ಹಸಿರು ಬಿದ್ದರೆ ಅದು ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ನಮ್ಮ ಕ್ಯಾಂಟೀನಿನ ಅಡುಗೆಯವನು ಅದನ್ನು ಆಸೆಗಣ್ಣಿನಿಂದ ನೋಡುತ್ತಿದ್ದ. ಹಸಿರು ಅಚ್ಚು ತೋರಿಸಿ, ತಿಂದವರು ರಾತ್ರಿಯಿಡೀ ವಾಂತಿ ಮಾಡುತ್ತಾರೆ ಎಂದೆ. ಅವನು ಆ ಕಾಗದವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾನೆ, ದೇವರ ಫೋಟೊದ ಕೆಳಗೆ.

ಒಣಗಿಸುವುದು, ಇಡುವುದು

ಗಾಳಿಯಾಡುವ ಪೆಟ್ಟಿಗೆ, ಅದರೊಳಗೆ ಜಾಲರಿ, ಕೆಳಗೆ ಹಳೆ ಕಾಲದ ಅರವತ್ತು ವ್ಯಾಟಿನ ಬಲ್ಬು. ಶಾಖ ನಲವತ್ತರಿಂದ ನಲವತ್ತೈದು ಡಿಗ್ರಿ ಇರಲಿ. ಹೆಚ್ಚಾದರೆ ಬೇಯುತ್ತದೆ, ಕಡಿಮೆಯಾದರೆ ಹುಳ ಬೀಳುತ್ತದೆ. ಹಪ್ಪಳದಂತೆ ಟಕ್ಕೆಂದು ಮುರಿಯಬೇಕು. ಆಮೇಲೆ ಚೀಟಿ ಸಮೇತ ಜಿಪ್ ಕವರಿಗೆ ಹಾಕಿ ಒಂದು ವಾರ ಫ್ರೀಜರಿನಲ್ಲಿಟ್ಟರೆ ಕೀಟದ ಮೊಟ್ಟೆಗಳು ಸಾಯುತ್ತವೆ. ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣ. ಕೈಗಾರಿಕಾ ಪ್ರದೇಶದಲ್ಲಿ ವಾಸವಿರುವುದರ ಒಂದೇ ಒಂದು ಶಿಲೀಂಧ್ರಶಾಸ್ತ್ರೀಯ ಲಾಭ ಇದು: ಬಿಡಿಭಾಗದ ಪ್ರತಿ ಡಬ್ಬಿಯಲ್ಲೂ ಒಂದು ಪೊಟ್ಟಣ, ಮೇಲೆ ‘ತಿನ್ನಬೇಡಿ’ ಎಂದು ಆಗಲೇ ಅಚ್ಚಾಗಿರುತ್ತದೆ. ಬೇರೆ ಎಚ್ಚರಿಕೆ ಚೀಟಿ ಬರೆಯುವ ಕೆಲಸ ಉಳಿಯಿತು.

ತಾರಸಿಯ ಬಿಸಿಲಲ್ಲಿ ಒಣಗಿಸಬಹುದೆ? ಒಣಗಿಸಬಹುದು. ಪಕ್ಕದ ಸೀರೆಯ ಮೇಲೆ ಸಂಡಿಗೆ, ಬಾಳಕದ ಮೆಣಸಿನಕಾಯಿ ಹರಡಿರದಿದ್ದರೆ. ಸಂಜೆ ಮಳೆ ಮೋಡ ಕಂಡು ಯಾರಾದರೂ ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಬಾಚಿ ಒಳಗೆ ತಂದರೆ ಎರಡು ವಾರ ಮನೆಯಲ್ಲಿ ಯಾರೂ ಸಂಡಿಗೆ ಕರಿಯುವುದಿಲ್ಲ. ನಮ್ಮಮ್ಮ ಇಡೀ ಡಬ್ಬ ತಿಪ್ಪೆಗೆ ಸುರಿದರು. ಮಾದರಿ 19 ಅದರಲ್ಲಿ ಹೋಯಿತು. ಆದರೆ ಮಾದರಿ 19ರ ಪುಟ ಇದೆ, ಮೂರು ಫೋಟೊ ಇದೆ, ಅಚ್ಚು ಇದೆ. ಅಣಬೆ ಹೋದರೂ ಬರಹ ಉಳಿದರೆ ಮುಕ್ಕಾಲು ಕೆಲಸ ಉಳಿದ ಹಾಗೆ. ನನ್ನ ಸಹೋದ್ಯೋಗಿಯೊಬ್ಬರ ಬಳಿ ಚಂದದ ಗಾಜಿನ ಸೀಸೆಗಳಲ್ಲಿ ನಲವತ್ತು ಅಣಬೆಗಳಿವೆ, ಒಂದಕ್ಕೂ ಚೀಟಿಯಿಲ್ಲ. ಅದು ಉಪ್ಪಿನಕಾಯಿ.

ಪುರಸಭೆಯ ಮಟ್ಟದಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಬರೆಸಬೇಕು ಎಂಬುದು 2002ರ ಕಾಯ್ದೆಯಿಂದ ಬಂದದ್ದು. ನಿಮ್ಮ ಪುಟಗಳ ಜೆರಾಕ್ಸನ್ನು ಅಂಥ ಕಡೆ ಕೊಟ್ಟಿಡಿ. ಮಾವು, ಬೇವು, ನವಿಲಿನ ನಡುವೆ ಒಂದು ಪುಟ್ಟಗೊಡುಗೂ ಇರಲಿ.

ದೋಷಗಳು ಮತ್ತು ಪರಿಹಾರ

ದೋಷ: ಚೀಲದಲ್ಲಿ ಇಲಿ ಸತ್ತ ನಾತ. ಕಾರಣ: ನೆಲದಲ್ಲಿ ಸಿಕ್ಕ ಕೋಳಿಮೊಟ್ಟೆಯಂಥ ಮೆತ್ತನೆ ಉಂಡೆಯನ್ನು ನೀವು ಊಟದ ಚೀಲದಲ್ಲಿಟ್ಟು ಸೆಕೆಂಡ್ ಶಿಫ್ಟಿಗೆ ಹೋಗಿದ್ದೀರಿ. ಅದು ನಾತದ ಅಣಬೆಯ ಮೊಟ್ಟೆ. ಕೆಲವೇ ಗಂಟೆಗಳಲ್ಲಿ ಒಡೆದು ಗೇಣುದ್ದ ನಿಂತು, ನೊಣಗಳನ್ನು ಕರೆಯಲು ತುದಿಯಲ್ಲಿ ಲೋಳೆ ಹಚ್ಚಿಕೊಳ್ಳುತ್ತದೆ. ಆ ನೊಣಗಳೇ ಅದರ ಬೀಜಕ ಸಾಗಿಸುವ ಲಾರಿಗಳು. ಪರಿಹಾರ: ರಾತ್ರಿ ಹನ್ನೊಂದರ ಬಸ್ಸಿನಲ್ಲಿ ಎಲ್ಲರೂ ಸೀಟಿನ ಕೆಳಗೆ ಇಲಿ ಹುಡುಕುವಾಗ ನೀವೂ ಹುಡುಕಿ. ಚಂದಾಪುರದಲ್ಲಿ ಇಳಿದುಬಿಡಿ.

ದೋಷ: ಹೋದ ವರ್ಷದ ಜಾಗದಲ್ಲಿ ಅಣಬೆ ಇಲ್ಲ. ಪರಿಹಾರ: ಮಳೆ ಸಾಲದು, ಕಾಯಿರಿ.

ದೋಷ: ಹೋದ ವರ್ಷದ ಜಾಗವೇ ಇಲ್ಲ. ಪರಿಹಾರ: ಪುಸ್ತಕ ತೆಗೆದು ಆ ಪುಟದಲ್ಲಿ ಕೊನೆಯ ಸಲ ಕಂಡ ದಿನಾಂಕದ ಕೆಳಗೆ ಗೀಟು ಹಾಕಿ. ನನ್ನ ಪುಸ್ತಕದಲ್ಲಿ ಅಂಥ ಗೀಟು ಹನ್ನೊಂದು. ಮಾದರಿ 7, ಪಿಸೋಲಿತಸ್, ನೀಲಗಿರಿ ತೋಪು: ಈಗ ಅಲ್ಲಿ ಲಾರಿ ನಿಲ್ಲುವ ಕಾಂಕ್ರೀಟು. ಅದರ ವಾಚ್‌ಮನ್ ಮೊನ್ನೆ ಫೋನು ಮಾಡಿದ್ದ, “ಸಾರ್, ಕಾಂಪೌಂಡ್ ಬುಡದಾಗೆ ನಿಮ್ದು ಸಗಣಿ ಉಂಡೆ ಒಂದು ಸಿಮೆಂಟ್ ಎಬ್ಬಿಸ್ಕಂಡು ಬಂದೈತೆ.” ನೋಡಲು ಹೋದೆ. ಬಂದಿತ್ತು. ನೀಲಗಿರಿಯ ಒಂದು ಬೊಡ್ಡೆ ಗೋಡೆಯಾಚೆ ಚಿಗುರುತ್ತಿದೆ.

ದೋಷ: ಹೆಸರು ಗೊತ್ತಾಗುತ್ತಿಲ್ಲ. ಪರಿಹಾರ: ಗೊತ್ತಾದಷ್ಟು ಬರೆಯಿರಿ, ಪೆನ್ಸಿಲ್ಲಿನಲ್ಲಿ. ಗೊತ್ತಿರುವವರು ಮುಂದೆಂದಾದರೂ ಬಂದು ಗೀಟು ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಾರೆ. ಹುತ್ತದ ಅಣಬೆಯ ಪುಟದಲ್ಲಿ, ಕುಂಕುಮದ ಕೆಳಗೆ, ಜಾತಿ ಎಂಬ ಕಡೆ ನಾನು ಹಾಗೇ ಖಾಲಿ ಬಿಟ್ಟಿದ್ದೇನೆ. ‘ತೋರಿಸಿದವರು’ ಎಂಬ ಕಡೆ ‘ಹಾಲಿನ ಚೊಂಬಿನ ಅಜ್ಜಿ’ ಎಂದಿದೆ.

ಖಾತರಿ ಪತ್ರ, ಬಿಡಿಭಾಗಗಳ ಪಟ್ಟಿ, ಸೂಕ್ಷ್ಮದರ್ಶಕದ ಅಧ್ಯಾಯ ಇನ್ನೂ ಬಾಕಿ ಇವೆ. ಮೊನ್ನೆ ರಾತ್ರಿ ಆನೇಕಲ್ ಕಡೆ ಚೆನ್ನಾಗಿ ಗುಡುಗಿತು. ನಾಳೆಗೆ ಮೂರನೇ ದಿನ, ನನಗೆ ಸೆಕೆಂಡ್ ಶಿಫ್ಟು, ಬುಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ.